ವಿಶ್ವಸಂಸ್ಥೆಯ ಜನಸಂಖ್ಯಾ ಮುನ್ನೋಟ 2024: ಬಳಸುವವರಿಗೆ ಒಂದು ವಿಮರ್ಶೆ

ಡೆಮಾಗ್ರಫಿ ಎಂದೊಡನೆ ಗ್ರಾಹಕರ ವಯಸ್ಸು, ಆದಾಯ, ಶಿಕ್ಷಣಗಳ ಪಟ್ಟಿ ನೆನಪಾಗುವವರೇ ಹೆಚ್ಚು. ಅಂಥ ಪಟ್ಟಿಗೆ ಸಲ್ಲುವ ಹೆಸರು ಡೆಮಾಗ್ರಫಿಕ್ಸ್. ಡೆಮಾಗ್ರಫಿ ಎಂಬ ಪದವನ್ನು 1855ರಲ್ಲಿ ಬಳಕೆಗೆ ತಂದವರು ಫ್ರಾನ್ಸಿನ ಅಶೀಲ್ ಗಿಯಾರ್. ಜನಸಂಖ್ಯಾಶಾಸ್ತ್ರ ಎಂದು ನಾವು ಕರೆಯುವ ಈ ವಿದ್ಯೆಯ ತಿರುಳು ಹುಟ್ಟು, ಸಾವು, ವಲಸೆ ಈ ಮೂರೂ ಸೇರಿ ಜನರ ಸಂಖ್ಯೆಯನ್ನೂ ವಯೋರಚನೆಯನ್ನೂ ಹೇಗೆ ಬದಲಿಸುತ್ತವೆ ಎಂಬುದು. ಆ ಅರ್ಥದಲ್ಲಿ ಇದನ್ನು ಕಲಿಯಬೇಕೆನ್ನುವವರಿಗೆ ವಿಶ್ವಸಂಸ್ಥೆಯ ಜನಸಂಖ್ಯಾ ವಿಭಾಗದ ಈ ಉಚಿತ ದತ್ತಾಂಶಕ್ಕಿಂತ ಒಳ್ಳೆಯ ಆರಂಭ ಸಿಗುವುದು ಕಷ್ಟ.

237 ದೇಶ ಮತ್ತು ಪ್ರದೇಶಗಳಿಗೆ 1950ರಿಂದ 2023ರವರೆಗಿನ ಅಂದಾಜು, ಅಲ್ಲಿಂದ 2100ರವರೆಗಿನ ಮುನ್ನಂದಾಜು ಇದರಲ್ಲಿವೆ. ಎಕ್ಸೆಲ್ ಮತ್ತು ಸಿಎಸ್‌ವಿ ಎರಡೂ ರೂಪದಲ್ಲಿ ಇಳಿಸಿಕೊಳ್ಳಬಹುದು. ಹೊಸಬರು ಜನನ, ಮರಣ, ವಲಸೆಯಂಥ ಸೂಚಕಗಳೆಲ್ಲ ಒಟ್ಟಿಗಿರುವ ಸಂಕ್ಷಿಪ್ತ ಕಡತದಿಂದ ಶುರುಮಾಡಲಿ. ಅಂಕಿಗಳು ಸಾವಿರಗಳಲ್ಲಿರುತ್ತವೆ. ಕೋಟಿ ಬೇಕಿದ್ದರೆ 10,000ದಿಂದ ಭಾಗಿಸಬೇಕು. ಜಗತ್ತು, ಖಂಡ, ಆದಾಯ ಗುಂಪು, ದೇಶ ಎಲ್ಲವೂ ಒಂದೇ ಹಾಳೆಯಲ್ಲಿ ಸಾಲಾಗಿವೆ. ‘ವಿಧ’ದ ಕಾಲಂನಲ್ಲಿ ದೇಶಗಳನ್ನಷ್ಟೇ ಸೋಸಿಕೊಳ್ಳದೆ ಕೂಡಿಸಿದರೆ ಒಬ್ಬನೇ ಮನುಷ್ಯ ಹಲವು ಬಾರಿ ಲೆಕ್ಕಕ್ಕೆ ಸೇರುತ್ತಾನೆ.

ಈ ಕಡತದ ನಿಜವಾದ ಸೊಗಸು ಒಂದು ಸಣ್ಣ ಪರೀಕ್ಷೆಯಲ್ಲಿದೆ. ಯಾವುದಾದರೂ ದೇಶದ ಜನವರಿ 1ರ ಜನಸಂಖ್ಯೆಗೆ ಆ ವರ್ಷದ ಜನನಗಳನ್ನು ಕೂಡಿಸಿ, ಮರಣಗಳನ್ನು ಕಳೆದು, ನಿವ್ವಳ ವಲಸೆಯನ್ನು (ಬಂದವರಲ್ಲಿ ಹೋದವರನ್ನು ಕಳೆದ ಸಂಖ್ಯೆ) ಸೇರಿಸಿ. ಮುಂದಿನ ಜನವರಿ 1ರ ಅಂಕಿ ಬರುತ್ತದೆ. ಶಾಸ್ತ್ರದ ಮೂಲ ಸಮೀಕರಣವೇ ಇದು. ಲೆಕ್ಕ ಕೂಡಿಬರಲಿಲ್ಲವೆಂದರೆ ಬಹುತೇಕ ಕಾರಣ ಒಂದೇ: ಜುಲೈ 1ರ ಕಾಲಂ ತೆಗೆದುಕೊಂಡಿರುತ್ತೀರಿ. ಜನನ ಮರಣಗಳ ಲೆಕ್ಕ ಜನವರಿಯಿಂದ ಡಿಸೆಂಬರ್‌ಗೆ. ಜುಲೈ 1ರ ವರ್ಷಮಧ್ಯದ ಜನಸಂಖ್ಯೆ ಇರುವುದು ದರಗಳ ಲೆಕ್ಕದಲ್ಲಿ ಭಾಜಕವಾಗಲು.

ದರಗಳಲ್ಲೂ ಎಚ್ಚರ ಬೇಕು. ಜಪಾನಿನ ಕಚ್ಚಾ ಮರಣ ದರ (ಸಾವಿರ ಜನರಿಗೆ ವರ್ಷಕ್ಕೆ ಎಷ್ಟು ಸಾವು ಎಂಬುದು) ಕತಾರ್‌ನದಕ್ಕಿಂತ ಬಹಳ ಹೆಚ್ಚು. ಅದನ್ನು ನೋಡಿ ಜಪಾನಿನ ಆರೋಗ್ಯ ಸೇವೆಯನ್ನು ದೂರುವಂತಿಲ್ಲ. ಅಲ್ಲಿ ವೃದ್ಧರ ಪಾಲು ದೊಡ್ಡದು, ಕತಾರ್‌ನಲ್ಲಿ ದುಡಿಯುವ ವಯಸ್ಸಿನ ವಲಸಿಗರೇ ತುಂಬಿದ್ದಾರೆ. ದೇಶದೇಶಗಳನ್ನು ಹೋಲಿಸಲು ಜನನ ಕಾಲದ ನಿರೀಕ್ಷಿತ ಆಯಸ್ಸಿನ ಕಾಲಂ ಬಳಸಿ. ವಯೋರಚನೆಯ ಪ್ರಭಾವ ಅದಕ್ಕೆ ತಟ್ಟುವುದಿಲ್ಲ.

ಅತಿ ಹೆಚ್ಚು ತಪ್ಪು ಓದಿಗೆ ಸಿಗುವುದು ಮುನ್ನಂದಾಜಿನ ‘ಹೆಚ್ಚು’, ‘ಕಡಿಮೆ’ ರೂಪಗಳು. ಅವನ್ನು ಸಂಭವನೀಯತೆಯ ಮಿತಿಗಳೆಂದು ನಕ್ಷೆಗಳಲ್ಲಿ ತೋರಿಸುವವರಿದ್ದಾರೆ. ವಾಸ್ತವದಲ್ಲಿ ಅವು ಮುಖ್ಯ ಮುನ್ನಂದಾಜಾದ ‘ಮಧ್ಯಮ’ ರೂಪದ ಫಲವತ್ತತೆಗೆ ಪ್ರತಿ ಮಹಿಳೆಗೆ ಅರ್ಧ ಮಗು ಕೂಡಿಸಿ ಅಥವಾ ಕಳೆದು ಮಾಡಿದ ಲೆಕ್ಕ ಮಾತ್ರ. ನಿಜವಾದ ಅಂಕಿ ಶೇಕಡಾ 80 ಅಥವಾ 95ರಷ್ಟು ಸಂಭವನೀಯತೆಯೊಂದಿಗೆ ಯಾವ ಮಿತಿಯೊಳಗೆ ಬೀಳಬಹುದು ಎಂಬ ವ್ಯಾಪ್ತಿ ಬೇರೆ ಕಡತಗಳಲ್ಲಿದೆ, ಅನಿಶ್ಚಿತತೆ ತೋರಿಸಲು ಅದನ್ನೇ ಬಳಸಬೇಕು. ವಲಸೆಯೇ ಇಲ್ಲವೆಂದು ಊಹಿಸಿ ಮಾಡಿದ ‘ಶೂನ್ಯ ವಲಸೆ’ ರೂಪವನ್ನು ಮಾತ್ರ ಬಿಡದೆ ನೋಡಿ: ಮಧ್ಯಮ ರೂಪದ ಪಕ್ಕದಲ್ಲಿಟ್ಟರೆ ಒಂದು ದೇಶದ ಭವಿಷ್ಯದಲ್ಲಿ ವಲಸೆಯ ಪಾಲೆಷ್ಟು ಎಂಬುದು ಕಣ್ಣಿಗೆ ಕಟ್ಟುತ್ತದೆ.

ಕೊರತೆಗಳೂ ಇವೆ. ದಶಮಾಂಶದವರೆಗೆ ಬರೆದ ಅಂಕಿಗಳು ಜನನ ಮರಣಗಳ ನೋಂದಣಿ ದುರ್ಬಲವಾಗಿರುವ ದೇಶಗಳಿಗೂ ಅಷ್ಟೇ ಖಚಿತವಾಗಿ ಕಾಣುತ್ತವೆ. ಅಲ್ಲಿ ಗಣತಿ, ಸಮೀಕ್ಷೆಗಳನ್ನು ಹೊಂದಿಸಿ ಮಾಡಿದ ಅಂದಾಜು ಅದು ಎಂಬುದನ್ನು ಕೋಷ್ಟಕವೇ ಹೇಳಬೇಕಿತ್ತು. ಪ್ರತಿ ಆವೃತ್ತಿಯಲ್ಲಿ 1950ರಿಂದೀಚಿನ ಹಳೆಯ ಅಂಕಿಗಳೂ ಪರಿಷ್ಕರಣೆಗೆ ಒಳಗಾಗುತ್ತವೆ. ಜಾಗತಿಕ ಗರಿಷ್ಠ ಜನಸಂಖ್ಯೆ 2022ರ ಆವೃತ್ತಿಯಲ್ಲಿ ಸುಮಾರು 1,040 ಕೋಟಿ ಇತ್ತು, 2024ರದರಲ್ಲಿ ಸುಮಾರು 1,030 ಕೋಟಿ. ಹೀಗಾಗಿ ಎರಡು ಆವೃತ್ತಿಗಳ ಅಂಕಿಗಳನ್ನು ಬೆಸೆದು ಒಂದೇ ಸರಣಿ ಮಾಡಬಾರದು. ಜಿಲ್ಲೆ, ನಗರ, ಭಾಷೆ, ಶಿಕ್ಷಣದ ವಿವರ ಇಲ್ಲಿಲ್ಲ. ಅವು ಬೇಕಾದವರು ಆಯಾ ದೇಶದ ಗಣತಿಯಂಥ ಬೇರೆ ಮೂಲಗಳತ್ತ ಹೋಗಬೇಕು.