ಲೇಬಲ್ ಬಿಡಿಸಲು ಬಾಟಲಿಗೆ ಕುದಿಯುವ ನೀರು ಸುರಿಯಬೇಡಿ

ವೈನ್ ಬಾಟಲಿಯ ಲೇಬಲ್ ಬಿಡಿಸಿ ಕೂಡಿಡುವ ಹುಚ್ಚು ನಿಮಗೂ ಹತ್ತಿಕೊಂಡಿದ್ದರೆ, ಇದನ್ನು ಓದಿ ಆಮೇಲೆ ಅಡುಗೆಮನೆಗೆ ಹೋಗಿ. ನನ್ನ ಎಡಗೈ ಹೆಬ್ಬೆರಳಿನ ಬುಡದಲ್ಲಿ ನಾಲ್ಕು ಹೊಲಿಗೆಯ ಗುರುತಿದೆ. ಲೇಬಲ್ಲಂತೂ ದಕ್ಕಲಿಲ್ಲ.

ನಾನು ಕುಡಿಯುವುದು ವರ್ಷಕ್ಕೆ ಎರಡು ಲೋಟ. ಬಾಟಲಿಗಳೆಲ್ಲ ಹೋಟೆಲಿನಲ್ಲಿ ಕೆಲಸ ಮಾಡುವ ಭಾವಮೈದುನ ತಂದುಕೊಡುವ ಖಾಲಿ ಸೀಸೆಗಳು. ಗುಜರಿಯವನು ನನ್ನನ್ನು ನೋಡುವ ನೋಟವೇ ಬೇರೆ, ಅದಿರಲಿ. ಫ್ರಾನ್ಸಿನ ಶಾತೋ ಮೂತೋನ್ ರಾತ್‌ಶೀಲ್ಡ್ ಎಂಬ ವೈನ್ ತಯಾರಕರು 1945ರಿಂದ ಈಚೆಗೆ ಹೆಚ್ಚುಕಡಿಮೆ ಪ್ರತಿ ವರ್ಷದ ಲೇಬಲ್ಲಿಗೂ ಒಬ್ಬ ಕಲಾವಿದರ ಚಿತ್ರ ಹಾಕುತ್ತಾರೆ. 1973ರದ್ದರ ಮೇಲೆ ಪಿಕಾಸೊ ಚಿತ್ರವಿದೆ. ಅಂಥದ್ದು ನನ್ನ ಬಳಿ ಒಂದೂ ಇಲ್ಲ. ನಾನು ಹಾಳುಮಾಡಿದ್ದು ನಂದಿ ಬೆಟ್ಟದ ತಪ್ಪಲಿನ ಒಂದು ಬಿಳಿ ವೈನಿನ ಲೇಬಲ್ಲು.

ಅಪ್ಪ ಅಮ್ಮನ ಮದುವೆಯ ಐವತ್ತನೇ ವರ್ಷಕ್ಕೆಂದು ಅಕ್ಕ ತಂದಿದ್ದ ಬಾಟಲಿ ಅದು. ಅಪ್ಪ ಒಂದು ಹನಿ ಮುಟ್ಟಲಿಲ್ಲ. ನಮ್ಮ ಒತ್ತಾಯಕ್ಕೆ ಲೇಬಲ್ಲಿನ ಬಿಳಿ ಅಂಚಿನಲ್ಲಿ ಸಹಿ ಹಾಕಿದರು. ಬ್ಯಾಂಕಿನಲ್ಲಿ ವೋಚರಿಗೆ ಹಾಕುತ್ತಿದ್ದ ಹಾಗೆಯೇ, ಅಡಿಯಲ್ಲಿ ಎರಡು ಗೆರೆ ಎಳೆದು, ತಾರೀಖು ಬರೆದು.

ಲೇಬಲ್ಲುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಪಿಷ್ಟದ ಅಥವಾ ಹಾಲಿನ ಕೇಸೀನಿನ ಅಂಟು ಹಚ್ಚಿದ್ದು ಉಗುರುಬೆಚ್ಚಗಿನ ನೀರಿನಲ್ಲಿ ನೆನೆದರೆ ತಾನಾಗಿ ಜಾರಿ ಬರುತ್ತದೆ. ಸ್ಟಿಕ್ಕರ್ ಜಾತಿಯದು ನೀರಿಗೆ ಜಗ್ಗುವುದಿಲ್ಲ, ಅದರ ಅಂಟು ಮೆತ್ತಗಾಗುವುದು ಬಿಸಿಗೆ. ಒಣಗಿರುವಾಗಲೇ ಬ್ಲೇಡಿನ ತುದಿಯಿಂದ ಒಂದು ಮೂಲೆ ಎತ್ತಿ ನೋಡಿ. ಅಡಿಯಲ್ಲಿ ಜಿಗುಟು ಸಿಕ್ಕರೆ ಸ್ಟಿಕ್ಕರ್ ಎಂದೇ ಲೆಕ್ಕ. ಅರ್ಧ ನಿಮಿಷದ ಈ ಕೆಲಸವನ್ನು ನಾನು ಮಾಡಲಿಲ್ಲ. ಬಾಟಲಿಯನ್ನು ರಾತ್ರಿಯಿಡೀ ಬಕೆಟ್ಟಿನ ತಣ್ಣೀರಿನಲ್ಲಿ ಮುಳುಗಿಸಿಟ್ಟೆ. ಬೆಳಗ್ಗೆ ನೋಡಿದರೆ ಲೇಬಲ್ ಅಂಟಿದಲ್ಲೇ ಇದೆ, ಅಪ್ಪನ ಸಹಿ ಮಾತ್ರ ಇಲ್ಲ. ಜೆಲ್ ಪೆನ್ನಿನ ಶಾಯಿ. ಎರಡು ಗೆರೆ ಇದ್ದಲ್ಲಿ ನೀಲಿ ಕಲೆ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಸ್ಟಿಕ್ಕರಿಗೆ ಬಿಸಿ ಬೇಕು ಎಂಬುದು ಆಗ ನೆನಪಾಯಿತು. ಮಾಗಿಯ ಚಳಿ, ರಾತ್ರಿಯೆಲ್ಲ ನೀರಿನಲ್ಲಿದ್ದ ಗಾಜು. ಬಾಟಲಿಯ ಕುತ್ತಿಗೆಯನ್ನು ಎಡಗೈಯಲ್ಲಿ ಹಿಡಿದು, ಕೆಟಲಿನಿಂದ ಕುದಿಯುವ ನೀರನ್ನು ನೇರವಾಗಿ ಒಳಕ್ಕೆ ಸುರಿದೆ. ಅರ್ಧ ತುಂಬುವಷ್ಟರಲ್ಲಿ ಟಕ್ ಎಂದಿತು. ತಳ ಬಳೆಯಂತೆ ದುಂಡಗೆ ಕಳಚಿ ಸಿಂಕಿಗೆ ಬಿತ್ತು, ನೀರು ಗ್ರಾನೈಟಿನ ಮೇಲಿಂದ ನನ್ನ ಪಾದಕ್ಕೆ ಹರಿಯಿತು. ಬೆಚ್ಚಿ ಕೈ ಎಳೆದುಕೊಂಡಾಗ ಒಡೆದ ಅಂಚು ಅಂಗೈಗೆ ಇಳಿಯಿತು. ಬಾಟಲಿಯ ತಳದ ಗಾಜು ಎಲ್ಲಕ್ಕಿಂತ ದಪ್ಪ. ಒಳಮೈ ಕಾದು ಹಿಗ್ಗುವಾಗ ಹೊರಮೈ ಇನ್ನೂ ತಣ್ಣಗಿರುತ್ತದೆ, ಆ ಎಳೆದಾಟವನ್ನು ಸಾಮಾನ್ಯ ಗಾಜು ತಡೆಯುವುದಿಲ್ಲ. ಬಿಸಿಗೆ ಅಷ್ಟಾಗಿ ಹಿಗ್ಗದ, ಪ್ರಯೋಗಾಲಯದ ಬೋರೋಸಿಲಿಕೇಟ್ ಗಾಜಿನ ಮಾತು ಬೇರೆ. ಬಿರುಕಿನ ಒಂದು ಕವಲು ಲೇಬಲ್ಲಿನ ನಡುವೆಯೇ ಹಾದಿತ್ತು. ಆ ಅಂಟು ಎಷ್ಟು ಗಟ್ಟಿಯೆಂದರೆ ಎರಡೂ ಚೂರುಗಳನ್ನು ಹಿಡಿದುಕೊಂಡೇ ಇತ್ತು.

ಈಗ ಬಾಟಲಿಯನ್ನು ಕೈಯಲ್ಲಿ ಹಿಡಿಯುವುದಿಲ್ಲ, ಪ್ಲಾಸ್ಟಿಕ್ ಟಬ್ಬಿನಲ್ಲಿ ನಿಲ್ಲಿಸುತ್ತೇನೆ. ಫ್ರಿಜ್ಜಿನಿಂದ ತೆಗೆದದ್ದಾದರೆ ಅರ್ಧ ದಿನ ಹೊರಗೆ. ಮೊದಲು ಉಗುರುಬೆಚ್ಚಗಿನ ನೀರು, ಐದು ನಿಮಿಷ ಬಿಟ್ಟು ಇನ್ನಷ್ಟು ಬಿಸಿ, ಕುದಿಯುವುದು ಎಂದಿಗೂ ಇಲ್ಲ. ದಪ್ಪ ಕೈಗವಸು ಹಾಕಿ, ಒಂದು ಮೂಲೆಯಿಂದ ಲೇಬಲ್ಲನ್ನು ಗಾಜಿಗೆ ಒರಗಿಸಿಕೊಂಡೇ ನಿಧಾನಕ್ಕೆ ಎಳೆದು ಬಟರ್ ಪೇಪರಿನ ಮೇಲೆ ಹರಡುತ್ತೇನೆ. ಬರದಿದ್ದರೆ ಬಿಟ್ಟುಬಿಡುತ್ತೇನೆ. ಥಿನ್ನರ್ ಸುರಿಯಿರಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಕಾಗದಕ್ಕೆ ಎಣ್ಣೆಗಲೆಯಂಥ ಗುರುತು ಬೀಳುತ್ತದೆ, ಗ್ಯಾಸ್ ಒಲೆಯ ಪಕ್ಕ ಅದರ ಆವಿ ಬೆಂಕಿಗೆ ಆಹ್ವಾನ.

ಇನ್ನೊಂದು ಪೆಟ್ಟೂ ತಿಂದಿದ್ದೇನೆ. ಚೆನ್ನಾಗಿ ಬಿಟ್ಟುಬಂದಿದ್ದ ಹನ್ನೊಂದು ಲೇಬಲ್ಲುಗಳನ್ನು ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಟ್ ಮಾಡಿಸಿದೆ. ಮೇಲಕ್ಕೆ ಒಣಗಿದಂತೆ ಕಂಡರೂ ಒಳಗೆ ಪಸೆಯಿತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ಪ್ಲಾಸ್ಟಿಕ್ಕಿನೊಳಗೆ ಕಪ್ಪು ಚುಕ್ಕೆಗಳು, ಚಿನ್ನದ ಅಕ್ಷರಗಳ ಹೊಳಪೂ ಮಾಯ. ಬಿಚ್ಚಲು ಬರುವುದಿಲ್ಲವಲ್ಲ! ವಾರಗಟ್ಟಲೆ ಭಾರವಾದ ಪುಸ್ತಕದಡಿ ಒಣಗಿಸಿ, ಆಮ್ಲವಿಲ್ಲದ ಕಾಗದದ ಮೇಲಿಟ್ಟು, ಪಿವಿಸಿ ಅಲ್ಲದ ಪಾಲಿಯೆಸ್ಟರ್ ಹಾಳೆಯ ಜೇಬಿನೊಳಗೆ ಇಡುವುದೇ ಸರಿ. ಪಿಷ್ಟದ ಅಂಟು ಉಳಿದಿದ್ದರೆ ಜಿರಳೆ ಮತ್ತು ಬೆಳ್ಳಿಹುಳು ಹುಡುಕಿಕೊಂಡು ಬರುತ್ತವೆ, ಹಿಂಬದಿಯನ್ನು ಒದ್ದೆ ಹತ್ತಿಯಿಂದ ಒರೆಸಿಯೇ ಒಣಗಿಸಿ.

ನೀರು ಮುಟ್ಟಿಸುವ ಮುಂಚೆ ಬಾಟಲಿಯ ಮೇಲಿರುವಂತೆಯೇ ಒಂದು ಫೋಟೊ ತೆಗೆದಿಡಿ. ಅಪ್ಪನ ಸಹಿಯದು ನನ್ನ ಬಳಿ ಅದೂ ಇಲ್ಲ. ಮೊನ್ನೆ ಅಕ್ಕನ ಮಗಳಿಗೆ ಕೆಲಸ ಸಿಕ್ಕ ಸಂಭ್ರಮಕ್ಕೆ ಇನ್ನೊಂದು ಬಾಟಲಿ ಬಂತು. ಸಹಿಗೆಂದು ನಾನು ಪೆನ್ನು ಕೊಡುವ ಮೊದಲೇ ಅಪ್ಪ ಜೇಬಿನಿಂದ ಪೆನ್ಸಿಲ್ ತೆಗೆದರು.