ಒಂದೇ ಶೇರು, ಮೂರು ಲೆಕ್ಕ: ಡಿವಿಡೆಂಡ್ ಆದಾಯದ ಅಂದಾಜು

ಕೈಯಲ್ಲಿ 200 ಶೇರುಗಳಿವೆ, ಬೆಲೆ ತಲಾ 500 ಎಂದಿಟ್ಟುಕೊಳ್ಳಿ. ಕಳೆದ 12 ತಿಂಗಳಲ್ಲಿ ಕಂಪನಿ ಪ್ರತಿ ಶೇರಿಗೆ ಮಧ್ಯಂತರ ಡಿವಿಡೆಂಡ್ (ಶೇರುದಾರರಿಗೆ ಹಂಚುವ ಲಾಭದ ಪಾಲು) 6, ಅಂತಿಮ 9, ಆಸ್ತಿ ಮಾರಿ ಬಂದ ಹಣದಿಂದ ವಿಶೇಷ ಡಿವಿಡೆಂಡ್ 10 ಕೊಟ್ಟಿದೆ. ಮುಂದಿನ ವರ್ಷ ಎಷ್ಟು ಬಂದೀತು? ಈ ಮಾದರಿ ಅಂಕಿಗಳ ಮೇಲೆ, ರೂಢಿಯಲ್ಲಿರುವ ಮೂರು ವಿಧಾನಗಳನ್ನೂ ಹಾಕಿ ನೋಡಿದೆವು.

ಮೊದಲನೆಯದು ಹಿಂದಿನ 12 ತಿಂಗಳ ಯೀಲ್ಡ್, ಅಂದರೆ ಶೇರಿನ ಬೆಲೆಯಲ್ಲಿ ಡಿವಿಡೆಂಡ್ ಶೇಕಡಾ ಎಷ್ಟು ಎಂಬುದು. ಒಟ್ಟು 25ನ್ನು 500ರಿಂದ ಭಾಗಿಸಿದರೆ ಶೇ. 5, ಅಂದರೆ 200 ಶೇರಿಗೆ 5,000. ನೋಡಲು ಚೆಂದ, ಆದರೆ ವಿಶೇಷ ಡಿವಿಡೆಂಡ್ ಮತ್ತೆ ಬರುವ ಭರವಸೆಯಿಲ್ಲ. ಅದನ್ನು ಕಳೆದರೆ ಉಳಿಯುವುದು 3,000. ಇನ್ನೊಂದು ತೊಡಕು: ಬೆಲೆ 250ಕ್ಕೆ ಕುಸಿದರೆ ಅದೇ 15ರ ಯೀಲ್ಡ್ ಶೇ. 6 ಎಂದು ಕಾಣುತ್ತದೆ. ಕೈಗೆ ಬರುವ ಹಣ ಒಂದು ಪೈಸೆಯೂ ಹೆಚ್ಚಿರುವುದಿಲ್ಲ. ಆದ್ದರಿಂದ ಶೇಕಡಾವಾರು ಬಿಟ್ಟು, ಪ್ರತಿ ಶೇರಿನ ಮೊತ್ತವನ್ನೇ ಹಿಡಿದು ಲೆಕ್ಕ ಹಾಕಿ.

ಎರಡನೆಯದು, ಕೊನೆಯ ಡಿವಿಡೆಂಡನ್ನು ವರ್ಷದ ಕಂತುಗಳಿಂದ ಗುಣಿಸುವುದು. ಪ್ರತಿ ತ್ರೈಮಾಸಿಕಕ್ಕೂ ಒಂದೇ ಮೊತ್ತ ಕೊಡುವ ಕಂಪನಿಗೆ ಇದಕ್ಕಿಂತ ಸುಲಭ ದಾರಿಯಿಲ್ಲ. ನಮ್ಮ ಮಾದರಿಯಲ್ಲಿ ಮಾತ್ರ ವರ್ಷಕ್ಕೆ ಎರಡು ಕಂತಿನಂತೆ 200 ಶೇರಿಗೆ ಮಧ್ಯಂತರ ಹಿಡಿದರೆ 2,400, ಅಂತಿಮ ಹಿಡಿದರೆ 3,600. ಕಂತುಗಳು ಅಸಮವಾಗಿದ್ದರೆ ಈ ಲೆಕ್ಕ ಕೈಕೊಡುತ್ತದೆ.

ಮೂರನೆಯದಕ್ಕೆ ಅರ್ಧ ಗಂಟೆ ಹೆಚ್ಚು ಬೇಕು, ಆದರೂ ನಮ್ಮ ಒಲವು ಇದರ ಕಡೆಗೇ. ಪ್ರತಿ ಶೇರಿನ ಗಳಿಕೆಯಲ್ಲಿ ಎಷ್ಟು ಪಾಲು ಹಂಚುತ್ತಾರೆ ಎಂಬುದನ್ನು ವಾರ್ಷಿಕ ವರದಿಗಳಿಂದ ತೆಗೆಯಬೇಕು. ಐದು ವರ್ಷಗಳ ಗಳಿಕೆ 20, 22, 4, 24, 30. ವಿಶೇಷ ಬಿಟ್ಟು ಡಿವಿಡೆಂಡ್ 10, 11, 10, 12, 15. ಇಲ್ಲಿ ಹಲವರು ಎಡವುವುದು ಸರಾಸರಿಯಲ್ಲಿ. ವರ್ಷವರ್ಷದ ಅನುಪಾತ ಶೇ. 50, 50, 250, 50, 50. ಅವುಗಳ ಸರಾಸರಿ ಶೇ. 90. ಗಳಿಕೆ ಬಿದ್ದ ಒಂದೇ ವರ್ಷ ಇಡೀ ಲೆಕ್ಕವನ್ನು ಕೆಡಿಸಿತು. ಮೊತ್ತಗಳನ್ನು ಕೂಡಿ ಭಾಗಿಸಿ: 58 ಭಾಗ 100, ಅಂದರೆ ಶೇ. 58. ಮುಂದಿನ ವರ್ಷದ ಗಳಿಕೆಯನ್ನು ಎಚ್ಚರಿಕೆಯಿಂದ 24 ಎಂದು ಹಿಡಿದರೆ ಪ್ರತಿ ಶೇರಿಗೆ 13.92, ಒಟ್ಟು 2,784.

ಅಷ್ಟಕ್ಕೇ ನಿಲ್ಲಬೇಡಿ, ನಗದು ಹರಿವಿನ ಪಟ್ಟಿಯನ್ನೂ ತೆರೆಯಿರಿ. ವ್ಯವಹಾರದಿಂದ ಬಂದ ನಗದಿನಲ್ಲಿ ಯಂತ್ರ, ಕಟ್ಟಡಗಳ ವೆಚ್ಚ ಕಳೆದು ಶೇರುಗಳ ಸಂಖ್ಯೆಯಿಂದ ಭಾಗಿಸಿ. ಹಲವು ವರ್ಷ ಅದು ಡಿವಿಡೆಂಡ್‌ಗಿಂತ ಕಡಿಮೆಯಿದ್ದರೆ, ಕಂಪನಿ ಕೂಡಿಟ್ಟ ಹಣದಿಂದಲೋ ಸಾಲದಿಂದಲೋ ಹಂಚುತ್ತಿದೆ ಎಂದರ್ಥ. ಅಂಥಲ್ಲಿ ಮೊತ್ತವನ್ನು ಇನ್ನೂ ಇಳಿಸಿ. ಬ್ಯಾಂಕು, ವಿಮಾ ಕಂಪನಿಗಳಿಗೆ ಈ ಪರೀಕ್ಷೆ ಹೊಂದುವುದಿಲ್ಲ. ಅಲ್ಲಿ ಬಂಡವಾಳದ ಅನುಪಾತ, ಅಂದರೆ ಹೊತ್ತ ಅಪಾಯಕ್ಕೆ ಹೋಲಿಸಿದರೆ ಸ್ವಂತ ಬಂಡವಾಳ ಎಷ್ಟಿದೆ ಎಂದು ನೋಡಬೇಕು.

ಯಾವ ವಿಧಾನವಾದರೂ ಶೇರು ವಿಭಜನೆಯನ್ನು ಸರಿದೂಗಿಸಿಕೊಳ್ಳಿ. ಒಂದು ಶೇರು ಎರಡಾದ ಮೇಲೆ ಹಳೆಯ 15ನ್ನು 7.5 ಎಂದೇ ಓದಬೇಕು. ಮರೆತರೆ ಅಂದಾಜು ದುಪ್ಪಟ್ಟಾಗುತ್ತದೆ. ಮೂಲದಲ್ಲೇ ತೆರಿಗೆ ಮುರಿಯುವ ಕಡೆ ಖಾತೆಗೆ ಬೀಳುವುದು ಉಳಿದ ಮೊತ್ತ ಮಾತ್ರ. ಎಕ್ಸ್-ಡೇಟ್ ಎಂದರೆ ಶೇರು ಆ ಕಂತಿನ ಹಕ್ಕಿಲ್ಲದೆ ಮಾರಾಟವಾಗತೊಡಗುವ ದಿನ; ಅಂದು ಕೊಂಡವರಿಗೆ ಆ ಕಂತು ಸಿಗುವುದಿಲ್ಲ, ಹಿಂದಿನ ವಹಿವಾಟಿನ ದಿನದೊಳಗೇ ಕೊಂಡಿರಬೇಕು. ಹಣ ಬರುವುದು ಅದಾದ ಮೇಲೆ, ಎಷ್ಟೋ ಸಲ ವಾರಗಳು ಕಳೆದು. ಹಾಗಾಗಿ ತಿಂಗಳ ಖರ್ಚಿಗೆ ಹೊಂದಿಸುವವರು ಎಕ್ಸ್-ಡೇಟ್ ಅಲ್ಲ, ಪಾವತಿಯ ದಿನಾಂಕವನ್ನು ಬರೆದಿಟ್ಟುಕೊಳ್ಳಿ.