ಹೊಸ ಹೋಮ್ ಥಿಯೇಟರ್ ರಿಸೀವರ್ ಜೊತೆ ಹಳೆಯ ಸ್ಟೀರಿಯೊ ಆಂಪ್: ವರ್ಷಗಟ್ಟಲೆ ಬಳಸಿದ ಅನುಭವ

ಟಿವಿ, ಸಿನಿಮಾ ಸದ್ದನ್ನು ಸುತ್ತಲಿನ ಎಲ್ಲ ಸ್ಪೀಕರ್‌ಗಳಿಗೂ ಹಂಚುವ ಹೋಮ್ ಥಿಯೇಟರ್ ರಿಸೀವರ್ ಬಂದ ಕೂಡಲೇ ಹಳೆಯ ಸ್ಟೀರಿಯೊ ಆಂಪ್ಲಿಫೈಯರ್ ಅಟ್ಟ ಸೇರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ರಿಸೀವರ್ ಹಿಂದೆ ಪ್ರಿ-ಔಟ್ (ಬೇರೆ ಆಂಪ್‌ಗೆ ಸಿಗ್ನಲ್ ಕೊಡುವ ಸಾಕೆಟ್) ಇದ್ದರೆ ಎರಡೂ ಒಟ್ಟಿಗೆ ಚೆನ್ನಾಗಿ ಕೆಲಸ ಮಾಡುತ್ತವೆ. ನನ್ನ ಜೋಡಿ ಕೆಲವು ವರ್ಷಗಳಿಂದ ದಿನಾ ಓಡುತ್ತಿದೆ. 7 ಚಾನೆಲ್‌ನ ರಿಸೀವರ್, ಪಕ್ಕದಲ್ಲಿ 80ರ ದಶಕದ 60 ವಾಟ್‌ನ ಸ್ಟೀರಿಯೊ ಆಂಪ್. ಮುಂದಿನ ಎಡ-ಬಲ ಸ್ಪೀಕರ್‌ಗಳನ್ನು ಆಂಪ್ ನಡೆಸುತ್ತದೆ. ಸೆಂಟರ್, ಸರೌಂಡ್ ಎಲ್ಲಾ ರಿಸೀವರ್ ಪಾಲಿಗೆ. ನೀವು ಹಾಡು ಜಾಸ್ತಿ ಕೇಳುವವರಾದರೆ ಇದರಿಂದ ನಿಜವಾಗಿ ಲಾಭವಿದೆ. ಬರೀ ಸಿನಿಮಾ ನೋಡುವವರಾದರೆ ಇಷ್ಟು ಕಷ್ಟಪಡಬೇಕಾಗಿಲ್ಲ.

ರಿಸೀವರ್ ಡಬ್ಬದ ಮೇಲೆ 90 ವಾಟ್ ಅಂತಿದೆ, ಆಂಪ್ ಬರೀ 60. ಹಾಗಾದರೆ ನಷ್ಟ ಅಲ್ವಾ ಅಂತ ಕೇಳುವವರಿದ್ದಾರೆ. ಅಲ್ಲ. ಸದ್ದನ್ನು ಅಳೆಯುವುದು ಡೆಸಿಬೆಲ್‌ನಲ್ಲಿ; ಅದು 3 ಡೆಸಿಬೆಲ್ ಏರಬೇಕಾದರೆ ವಾಟ್ ಎರಡು ಪಟ್ಟು ಆಗಬೇಕು. 60ಕ್ಕೂ 90ಕ್ಕೂ ಇರುವ ವ್ಯತ್ಯಾಸ 2 ಡೆಸಿಬೆಲ್‌ಗಿಂತ ಕಡಿಮೆ. ಅದೂ ಅಲ್ಲದೆ, ಡಬ್ಬದ ಮೇಲಿನ ಆ ಸಂಖ್ಯೆ ಸಾಮಾನ್ಯವಾಗಿ ಎರಡೇ ಚಾನೆಲ್ ಓಡಿಸಿ ಅಳೆದದ್ದು. ಎಲ್ಲ ಚಾನೆಲ್‌ಗಳೂ ಒಟ್ಟಿಗೆ ಪವರ್ ಕೇಳಿದಾಗ ಒಂದೇ ಟ್ರಾನ್ಸ್‌ಫಾರ್ಮರ್ ಎಲ್ಲರಿಗೂ ಹಂಚಬೇಕು. ನನ್ನ ಮುಂದಿನ ಸ್ಪೀಕರ್‌ಗಳು 4 ಓಮ್‌ನವು. ಅಷ್ಟೇ ವೋಲ್ಟೇಜ್‌ಗೆ 8 ಓಮ್ ಸ್ಪೀಕರ್ ಎಳೆಯುವುದರ ಎರಡರಷ್ಟು ಕರೆಂಟ್ ಎಳೆಯುತ್ತವೆ. ಆ ಭಾರವನ್ನು ಬೇರೆ ಟ್ರಾನ್ಸ್‌ಫಾರ್ಮರ್ ಇರುವ ಆಂಪ್ ಹೊತ್ತ ಮೇಲೆ ರಿಸೀವರ್‌ನ ಮೇಲ್ಭಾಗ ಮೊದಲಿನಷ್ಟು ಕಾಯುವುದಿಲ್ಲ. ಕೈ ಇಟ್ಟರೇ ಗೊತ್ತಾಗುತ್ತದೆ. ನಿಮ್ಮ ಆಂಪ್ 4 ಓಮ್ ತಡೆಯುತ್ತದೋ ಇಲ್ಲವೋ ಎಂದು ಮಾತ್ರ ಅದರ ಹಿಂದೆ ಬರೆದಿರುವುದನ್ನು ಓದಿ ಖಚಿತ ಮಾಡಿಕೊಳ್ಳಿ.

ಜೋಡಿಸುವುದು ಸುಲಭ. ರಿಸೀವರ್‌ನ ಫ್ರಂಟ್ ಪ್ರಿ-ಔಟ್‌ನಿಂದ ಆಂಪ್‌ನ ಆಕ್ಸ್ ಅಥವಾ ಟ್ಯೂನರ್ ಇನ್‌ಪುಟ್‌ಗೆ ಒಂದು ಜೊತೆ ಆರ್‌ಸಿಎ ಕೇಬಲ್. ಫೋನೋ ಇನ್‌ಪುಟ್‌ಗೆ ಹಾಕಲೇಬಾರದು. ಅದು ಟರ್ನ್‌ಟೇಬಲ್‌ನ ಸಣ್ಣ ಸಿಗ್ನಲ್‌ಗಾಗಿ ಇರುವಂಥದ್ದು, ಬಂದದ್ದನ್ನೆಲ್ಲ ಸುಮಾರು 40 ಡೆಸಿಬೆಲ್ ಹೆಚ್ಚಿಸುತ್ತದೆ. ಒಂದೇ ಸ್ಪೀಕರ್‌ಗೆ ರಿಸೀವರ್, ಆಂಪ್ ಎರಡರಿಂದಲೂ ವೈರ್ ಎಳೆಯುವುದಂತೂ ಬೇಡವೇ ಬೇಡ, ಆಂಪ್ ಸುಟ್ಟುಹೋಗಬಹುದು.

ಇಡೀ ಕೆಲಸದ ಜೀವ ಇರುವುದು ಆಂಪ್‌ನ ವಾಲ್ಯೂಮ್ ನಾಬ್‌ನಲ್ಲಿ. ಅದನ್ನು ಒಂದು ಜಾಗದಲ್ಲಿ ನಿಲ್ಲಿಸಬೇಕು, ಆಮೇಲೆ ಸದ್ದು ಏರಿಸುವುದು ಇಳಿಸುವುದು ಎಲ್ಲಾ ರಿಸೀವರ್‌ನಿಂದಲೇ. ಯಾವ ಜಾಗದಲ್ಲಿ? ಹಳೆಯ ಆಂಪ್‌ಗಳಿಗೆ ಪೂರ್ತಿ ಸದ್ದು ಕೊಡಲು 150 ಮಿಲಿವೋಲ್ಟ್‌ನಷ್ಟು ಸಿಗ್ನಲ್ ಬಂದರೂ ಸಾಕು. ರಿಸೀವರ್‌ನ ಪ್ರಿ-ಔಟ್ 1 ವೋಲ್ಟ್ ಅಥವಾ ಅದಕ್ಕಿಂತ ಜಾಸ್ತಿ ಕೊಡಬಲ್ಲದು. ಹಾಗಾಗಿ ನಾಬ್ ಪೂರ್ತಿ ತಿರುಗಿಸಿದರೆ ಹಿಸ್ ಸದ್ದೂ ದೊಡ್ಡದಾಗುತ್ತದೆ. ತೀರಾ ಕೆಳಗಿಟ್ಟರೆ ಇನ್ನೊಂದು ತೊಂದರೆ. ಹಳೆಯ ನಾಬ್‌ಗಳು ಕೆಳಗಿನ ತುದಿಯಲ್ಲಿ ಎಡಕ್ಕೂ ಬಲಕ್ಕೂ ಸಮನಾಗಿ ಕೊಡುವುದಿಲ್ಲ, ಹಾಡು ಒಂದು ಪಕ್ಕಕ್ಕೆ ವಾಲುತ್ತದೆ. ನನಗೆ ಸರಿಹೋದದ್ದು ಗಡಿಯಾರದಲ್ಲಿ 11 ಗಂಟೆ ತೋರಿಸುವ ಜಾಗ. ಅಲ್ಲಿಟ್ಟು ರಿಸೀವರ್‌ನ ಮೈಕ್ ಹಾಕಿ, ಎಲ್ಲ ಸ್ಪೀಕರ್‌ಗಳ ಸದ್ದನ್ನು ತಾನೇ ಅಳೆದು ಹೊಂದಿಸುವ ಆಟೋ ಸೆಟಪ್ ಓಡಿಸಿದೆ. ಅದು ಮುಗಿದ ಮೇಲೆ ಚಾನೆಲ್ ಲೆವೆಲ್, ಅಂದರೆ ಒಂದೊಂದು ಸ್ಪೀಕರ್‌ಗೂ ರಿಸೀವರ್ ಎಷ್ಟು ಏರಿಸಿದೆ ಇಳಿಸಿದೆ ಅನ್ನುವುದನ್ನು ನೋಡಬೇಕು. ಸಾಮಾನ್ಯವಾಗಿ ಮೇಲಕ್ಕೂ ಕೆಳಕ್ಕೂ 10 ಅಥವಾ 12 ಡೆಸಿಬೆಲ್ ಜಾಗ ಇರುತ್ತದೆ. ಫ್ರಂಟ್ ಲೆವೆಲ್ ಮೈನಸ್ ಕಡೆಯ ಕೊನೆಗೆ ಹೋಗಿ ಕೂತಿದ್ದರೆ ನಾಬ್ ಮೇಲಿದೆ ಅಂತ ಅರ್ಥ. ಇಳಿಸಿ, ಮತ್ತೆ ಓಡಿಸಿ. ಸೊನ್ನೆಯ ಆಸುಪಾಸಿನಲ್ಲಿ ನಿಂತರೆ ಸಾಕು. ಲೌಡ್‌ನೆಸ್ ಬಟನ್ ಆಫ್, ಬೇಸ್, ಟ್ರೆಬಲ್ ನಾಬ್‌ಗಳು ಸರಿಯಾಗಿ ಮಧ್ಯದಲ್ಲಿ. ನಾಬ್ ಪಕ್ಕ ಒಂದು ಚೂರು ಟೇಪ್ ಅಂಟಿಸಿ ಗುರುತು ಹಾಕಿದ್ದೇನೆ. ಯಾರಾದರೂ ಸುಮ್ನೆ ತಿರುಗಿಸಿಬಿಟ್ಟರೆ ಸೆಂಟರ್‌ಗೂ ಎಡ-ಬಲಕ್ಕೂ ತಾಳೆಯೇ ಇರುವುದಿಲ್ಲ. ದಿನನಿತ್ಯದ ಬಳಕೆಯಲ್ಲಿ ಅತಿ ದೊಡ್ಡ ಕಿರಿಕಿರಿ ಅಂದರೆ ಇದೇ.

ಕೆಲವು ಆಂಪ್‌ಗಳಲ್ಲಿ ಈ ಕಿರಿಕಿರಿಯೇ ಇಲ್ಲ. 1978ರಲ್ಲಿ ಬಂದ ಎನ್‌ಎಡಿ ಕಂಪನಿಯ 3020 ಆಂಪ್‌ನಂಥವುಗಳ ಹಿಂದೆ ಪ್ರಿ-ಔಟ್‌ಗೂ ಪವರ್ ಆಂಪ್ ಇನ್‌ಪುಟ್‌ಗೂ ನಡುವೆ ಎರಡನ್ನೂ ಕೂಡಿಸುವ ಸಣ್ಣ ಲೋಹದ ಜಂಪರ್ ಇರುತ್ತದೆ. ಅದನ್ನು ತೆಗೆದು ರಿಸೀವರ್‌ನ ಕೇಬಲ್ ನೇರ ಪವರ್ ಆಂಪ್‌ಗೇ ಕೊಟ್ಟರೆ ನಾಬ್ ದಾರಿಯಲ್ಲೇ ಬರುವುದಿಲ್ಲ. ಆದರೆ ಆಗ ಟರ್ನ್‌ಟೇಬಲ್ ಅನ್ನು ಅದೇ ಆಂಪ್‌ನಲ್ಲಿ ನೇರ ಕೇಳಲು ಆಗುವುದಿಲ್ಲ. ನನಗೆ ಅದು ಬೇಕೇ ಬೇಕು. ರಿಸೀವರ್ ಆಫ್ ಇಟ್ಟು, ಆಂಪ್‌ನಲ್ಲಿ ಫೋನೋ ಒತ್ತಿ ರೆಕಾರ್ಡ್ ಹಾಕಿದರೆ ನಡುವೆ ಡಿಜಿಟಲ್ ಅನ್ನುವುದೇ ಇಲ್ಲ. ಮುಗಿದ ಮೇಲೆ ನಾಬ್ ಮತ್ತೆ ಗುರುತಿಗೆ.

ಶುರುವಿನಲ್ಲಿ ಕಾಡಿದ್ದು ಗುಂಯ್ ಸದ್ದು. ಸಿನಿಮಾ ನಡೆಯುವಾಗ ಕೇಳುತ್ತಿರಲಿಲ್ಲ. ತಂಬೂರಿ ಮಾತ್ರ ನುಡಿಯುವ ಹೊತ್ತಿನಲ್ಲಿ ಅದರ ಕೆಳಗೇ ಇನ್ನೊಂದು ಶ್ರುತಿ ಕೂತಂತೆ ಕೇಳುತ್ತಿತ್ತು. ಒಂದೊಂದೇ ಕೇಬಲ್ ಕಿತ್ತು ನೋಡುತ್ತಾ ಹೋದೆ. ಟಿವಿ ಸೆಟ್‌ಟಾಪ್ ಬಾಕ್ಸ್‌ಗೆ ಹೊರಗಿನಿಂದ ಬರುವ ಕೇಬಲ್ ಬಿಚ್ಚಿದ ತಕ್ಷಣ ಸದ್ದು ನಿಂತಿತು. ಆ ಕೇಬಲ್ ಬೇರೆ ಕಡೆ ಅರ್ಥ್ ಆಗಿದ್ದರಿಂದ ಗ್ರೌಂಡ್ ಲೂಪ್ (ಎರಡು ಅರ್ಥ್‌ಗಳ ನಡುವೆ ಸುತ್ತುವ ಕರೆಂಟ್) ಆಗಿತ್ತು. ಆ ಕೇಬಲ್‌ಗೆ ಈ ಅರ್ಥ್ ಸಂಪರ್ಕ ಕಡಿಯುವ ಒಂದು ಐಸೊಲೇಟರ್ ಹಾಕಿ, ರಿಸೀವರ್ ಮತ್ತು ಆಂಪ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಕೊಟ್ಟೆ. ಗುಂಯ್ ಸದ್ದು ಮತ್ತೆ ಬಂದಿಲ್ಲ. ಪ್ಲಗ್‌ನ ಅರ್ಥ್ ಪಿನ್ ತೆಗೆದರೆ ಸದ್ದು ಹೋಗುತ್ತದೆ ಅಂತ ಸಲಹೆ ಕೊಡುವವರೂ ಇದ್ದಾರೆ. ಅದನ್ನು ಖಂಡಿತ ಕೇಳಬೇಡಿ, ಜೀವಕ್ಕೇ ಅಪಾಯ.

ರಿಸೀವರ್ ಆನ್ ಆದಾಗ ಆಂಪ್ ತಾನೇ ಆನ್ ಆಗಲು ಬೇಕಾದ 12 ವೋಲ್ಟ್ ಟ್ರಿಗರ್ ಹಳೆಯ ಆಂಪ್‌ಗೆ ಇರುವುದಿಲ್ಲ, ಕೈಯಿಂದಲೇ ಆನ್ ಮಾಡಬೇಕು. ಮೊದಲು ರಿಸೀವರ್, ಆಮೇಲೆ ಆಂಪ್. ಆಫ್ ಮಾಡುವಾಗ ಮೊದಲು ಆಂಪ್. ಹಿಂದು ಮುಂದಾದರೆ ಸ್ಪೀಕರ್‌ನಲ್ಲಿ ಢಬ್ ಅನ್ನುತ್ತದೆ.

ಆಂಪ್ ವರ್ಷಗಟ್ಟಲೆ ಸುಮ್ನೆ ಬಿದ್ದಿದ್ದರೆ ಸ್ಪೀಕರ್ ಕೊಡುವ ಮುಂಚೆ ರಿಪೇರಿಯವರಿಗೆ ತೋರಿಸಿ. ಮಲ್ಟಿಮೀಟರ್‌ನಲ್ಲಿ ಸ್ಪೀಕರ್ ಟರ್ಮಿನಲ್‌ನ ಡಿಸಿ ವೋಲ್ಟೇಜ್ ಅಳೆಯಲು ಹೇಳಿ. 50 ಮಿಲಿವೋಲ್ಟ್‌ಗಿಂತ ಕಡಿಮೆ ಇದ್ದರೆ ನಿಶ್ಚಿಂತೆ. ವೋಲ್ಟ್‌ಗಟ್ಟಲೆ ಡಿಸಿ ಬರುತ್ತಿದ್ದರೆ ವೂಫರ್ ಸುಟ್ಟೇ ಹೋಗುತ್ತದೆ. ನಾಬ್ ತಿರುಗಿಸಿದಾಗ ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಸಾಕು. ಒಣಗಿದ ಕೆಪಾಸಿಟರ್‌ಗಳನ್ನು ಬದಲಿಸಲೇಬೇಕು.

ಇನ್ನು ಕೇಳಿಸುವ ವ್ಯತ್ಯಾಸ. ಸಣ್ಣ ಸದ್ದಿನಲ್ಲಿ, ನಿಜ ಹೇಳಬೇಕೆಂದರೆ, ಬಹಳ ಇಲ್ಲ. ಸ್ವಲ್ಪ ಜೋರಾಗಿಟ್ಟು ಹಾಡು ಕೇಳುವಾಗ ಗೊತ್ತಾಗುತ್ತದೆ. ಮೃದಂಗದ ಗುಮ್ಕಿ ಬಂದಾಗಲೂ ಹಾಡುವ ದನಿ ತನ್ನ ಜಾಗ ಬಿಡುವುದಿಲ್ಲ, ಕಿವಿಗೆ ಚುಚ್ಚುವುದಿಲ್ಲ. ಇದರಲ್ಲಿ ಸಬ್‌ವೂಫರ್ ಪಾಲೂ ಇದೆ. ರಿಸೀವರ್ ಸೆಟಪ್‌ನಲ್ಲಿ ಮುಂದಿನ ಸ್ಪೀಕರ್‌ಗಳನ್ನು ಸ್ಮಾಲ್ ಅಂತ ಇಟ್ಟು 80 ಹರ್ಟ್ಸ್ ಕ್ರಾಸ್‌ಓವರ್ ಕೊಟ್ಟಿದ್ದೇನೆ, ಅಂದರೆ ಅದಕ್ಕಿಂತ ಕೆಳಗಿನ ಬೇಸ್ ಸಬ್‌ವೂಫರ್‌ಗೆ ಹೋಗುತ್ತದೆ. ಪ್ರಿ-ಔಟ್‌ನಿಂದ ಹೋಗುವ ಸಿಗ್ನಲ್‌ನಲ್ಲಿ ಅದಕ್ಕಿಂತ ಕೆಳಗಿನ ಬೇಸ್ ಕಡಿಮೆಯಾಗಿರುತ್ತದೆ, ಹಳೆಯ ಆಂಪ್‌ಗೆ ಅಷ್ಟು ಶ್ರಮ ತಪ್ಪುತ್ತದೆ. ಸಿನಿಮಾದಲ್ಲಿ ಮಾತೆಲ್ಲ ಹೆಚ್ಚಾಗಿ ಸೆಂಟರ್‌ನಿಂದಲೇ ಬರುವುದರಿಂದ ನನಗೆ ಅಂಥ ಬದಲಾವಣೆ ಕಾಣಲಿಲ್ಲ.

ಹೊಸ ರಿಸೀವರ್ ತಗೊಳ್ಳುವವರು ಅದರ ಹಿಂಭಾಗದ ಫೋಟೊ ನೋಡದೆ ತಗೊಳ್ಳಬೇಡಿ. ಕಡಿಮೆ ಬೆಲೆಯ ಮಾಡೆಲ್‌ಗಳಲ್ಲಿ ಪ್ರಿ-ಔಟ್ ಅಂತ ಬರೆದಿದ್ದರೂ ಅದು ಬಹಳ ಸಲ ಸಬ್‌ವೂಫರ್‌ಗೆ ಮಾತ್ರ. ಫ್ರಂಟ್ ಎಲ್, ಆರ್ ಅಂತ ಎರಡು ಬೇರೆ ಸಾಕೆಟ್ ಇರಲೇಬೇಕು. ಅವಿಲ್ಲದಿದ್ದರೆ ಸ್ಪೀಕರ್ ಔಟ್‌ನಿಂದ ಲೈನ್‌ಗೆ ಇಳಿಸುವ ಕನ್ವರ್ಟರ್ ಸಿಗುತ್ತದೆ, ಆದರೆ ರಿಸೀವರ್‌ನ ಆಂಪ್ ದಾಟಿ ಬಂದ ಸದ್ದನ್ನೇ ಮತ್ತೆ ಹಳೆಯ ಆಂಪ್‌ಗೆ ಕೊಡುವುದರಲ್ಲಿ ನನಗೆ ಪ್ರಯೋಜನ ಕಾಣುವುದಿಲ್ಲ.